ಮೂರನೇ ಮೇಜು

ಅವತ್ತು ಬೆಳಿಗ್ಗೆ ಪುವನಾನಿ ಆಂಟಿ ತಮ್ಮ ಪಾಡಿಗೆ ತಾವು ಕಾಫಿ ಕುಡಿಯುತ್ತಾ ಕೂತಿದ್ದಿದ್ದರೆ ವೆಂಡೆಲ್ ಮೆಡೈರೋಸ್‌ನ ವಿದ್ಯಾಭ್ಯಾಸ ಯಾವ ತಕರಾರೂ ಇಲ್ಲದೆ ಶುರುವಾಗಿಬಿಡುತ್ತಿತ್ತು. ಆದರೆ ಸಮುದ್ರದ ನಡುವಿನ ದ್ವೀಪದ ಹಿಲೋ ಊರಿನಲ್ಲಿ ಪಕ್ಕದ ಮನೆಯವರು ತಮ್ಮ ಪಾಡಿಗೆ ತಾವಿರುವ ರೂಢಿ ಇಲ್ಲ. ವೆಂಡೆಲ್ ಇಸ್ತ್ರಿ ಮಾಡಿದ ಹೂವಿನ ಅಂಗಿ ತೊಟ್ಟು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಆಂಟಿ ಬೇಲಿ ದಾಟಿ ಬಂದು ಅವನ ಕೊರಳಿಗೆ ಹಸಿರೆಲೆ ಹೊಸೆದು ಮಾಡಿದ ಹಾರ ಹಾಕಿಯೇಬಿಟ್ಟರು.

"ಏನಾಂಟಿ ಇದು, ನಾನಿನ್ನೂ ಪಾಸಾಗಿಲ್ಲ. ಸೇರೋಕೆ ಹೋಗ್ತಿದೀನಿ ಅಷ್ಟೇ."

"ಸೇರೋದು ಅಂದ್ರೆ ಸಣ್ಣ ವಿಷಯಾನಾ? ನಿಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದೋರು ಯಾರಿದಾರೆ ಹೇಳು. ನಿಮ್ಮಪ್ಪ ಹತ್ತಿದ್ದ, ಅದೂ ಗೋಡೆಗೆ ಬಣ್ಣ ಹೊಡೆಯೋಕೆ. ಇಂಥ ಶುಭಕಾರ್ಯಕ್ಕೆ ಬರಿಗೊರಳಲ್ಲಿ ಹೋಗ್ತಾರೇನೋ?"

"ಸರಿ, ಅಲ್ಲಿಗೆ ಹೋದಮೇಲೆ ತೆಗೆದಿಡ್ತೀನಿ."

"ಕೆಲಸ ಆಗೋ ಮುಂಚೆ ತೆಗೆದ್ರೆ ಕೆಲಸ ಕೆಡುತ್ತೆ ಕಣೋ. ಇರು, ನಾನೂ ಬರ್ತೀನಿ. ನೀನು ತೆಗೀತೀಯೋ ಇಲ್ವೋ ಅಂತ ನೋಡ್ಕೊಳ್ಳೋಕೆ ಒಬ್ಬರು ಬೇಕು."

ಎಪ್ಪತ್ತೊಂದು ವರ್ಷದ ಆಂಟಿಗೆ ಇಲ್ಲ ಅನ್ನುವ ಗಂಡಸು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ವೆಂಡೆಲ್ ಅಂತೂ ಯಾರಿಗೂ ಯಾವತ್ತೂ ಇಲ್ಲ ಅಂದವನೇ ಅಲ್ಲ. ಅದೇ ಅವನ ರೋಗ. ಹರಕೆಯ ಕುರಿಯ ಹಾಗೆ ಹಾರ ಹಾಕಿಸಿಕೊಂಡು, ತನ್ನ ಹಳೇ ಪಿಕಪ್ಪಿನ ಬಾಗಿಲು ತೆಗೆದು ಆಂಟಿಯನ್ನು ಹತ್ತಿಸಿಕೊಂಡ.

ನಲವತ್ತಾರರ ವಯಸ್ಸಿನಲ್ಲಿ ಇವನಿಗೇಕೆ ಕಾಲೇಜಿನ ಉಸಾಬರಿ ಎಂದರೆ, ಅದಕ್ಕೆ ಕಾರಣ ಒಂದು ಏಣಿ. ಸಮುದ್ರದ ದಂಡೆಯ ಹೋಟೆಲೊಂದರ ರಿಪೇರಿ ವಿಭಾಗದಲ್ಲಿ ವೆಂಡೆಲ್‌ನದು ಹತ್ತೊಂಬತ್ತು ವರ್ಷದ ಸರ್ವೀಸು. ಅಷ್ಟೂ ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಬೇರೆಯವರು ಮೇಲೆ ಹತ್ತಿ ಏಸಿ ಬಿಚ್ಚುವಾಗ ಇವನು ಕೆಳಗೆ ಏಣಿ ಹಿಡಿದುಕೊಂಡು ನಿಲ್ಲುತ್ತಿದ್ದ. ಮೇಲಿನವರು ಬಡ್ತಿ ಪಡೆದು ಹೋದರು, ಮದುವೆಯಾಗಿ ಹೋದರು, ಒಬ್ಬ ಕಾಲು ಜಾರಿ ಇವನ ಮೇಲೆಯೇ ಬಿದ್ದು ಹೋದ. ವೆಂಡೆಲ್ ಮಾತ್ರ ಕೆಳಗೇ ಉಳಿದ.

ತಿಂಗಳ ಹಿಂದೆ ಮೇಲಧಿಕಾರಿ ಟೊಕುನಾಗ ಕರೆದು ಹೇಳಿದ್ದರು: "ನೋಡಪ್ಪಾ, ಕಮ್ಯುನಿಟಿ ಕಾಲೇಜಲ್ಲಿ ಸಂಜೆ ಹೊತ್ತು ಫ್ರಿಜ್ಜು, ಏಸಿ ರಿಪೇರಿ ಕೋರ್ಸು ಶುರುವಾಗ್ತಿದೆ. ಹದಿನಾರೇ ಸೀಟು, ಎರಡು ವರ್ಷಕ್ಕೊಂದ್ಸಲ. ಸೇರೋಕೆ ಕೊಟ್ಟಿರೋ ಕೊನೇ ಶುಕ್ರವಾರದ ಒಳಗೆ ಸೀಟು ಹಿಡಿದು ಕಾಗದ ತಂದು ತೋರಿಸು, ನಿನ್ನ ಮೆಕ್ಯಾನಿಕ್ ಮಾಡ್ತೀನಿ. ಇಲ್ಲಾಂದ್ರೆ ಡಸ್ಟಿನ್‌ನ ಮಾಡ್ತೀನಿ." ಡಸ್ಟಿನ್ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಸ್ಕ್ರೂ ಯಾವ ಕಡೆ ತಿರುಗಿಸಬೇಕು ಎಂದು ಈಗಲೂ ಕೆಳಗೆ ಬಗ್ಗಿ ವೆಂಡೆಲ್‌ನನ್ನೇ ಕೇಳುತ್ತಿದ್ದ.

ವೆಂಡೆಲ್ ಕಾಲೇಜಿನ ಕೈಪಿಡಿ ತಂದು ಓದಲು ಕೂತ. ಕೂತ ಎನ್ನುವುದಕ್ಕಿಂತ ನಿಂತ ಎನ್ನಬೇಕು, ಏಕೆಂದರೆ ಓದಿದ್ದೆಲ್ಲ ಒಂದು ಕೈಯಲ್ಲಿ ಏಣಿ ಹಿಡಿದುಕೊಂಡೇ. ಪುಟ ಮಗುಚುವಾಗಲೆಲ್ಲ ಮೇಲಿದ್ದ ಡಸ್ಟಿನ್ ದೇವರನ್ನು ನೆನೆಯುತ್ತಿದ್ದ. ಯಾವ ವಿಷಯಕ್ಕೆ ಮುಂಚೆ ಯಾವ ವಿಷಯ ಮುಗಿಸಿರಬೇಕು, ಗಣಿತದ ಪರೀಕ್ಷೆ ಯಾರು ಬರೆಯಬೇಕು, ಕೆಲಸದಲ್ಲಿರುವವರು ಮೊದಲ ಸಲ ಎಷ್ಟು ವಿಷಯ ತಗೊಂಡರೆ ತಲೆ ಕೆಡುವುದಿಲ್ಲ, ಎಲ್ಲವೂ ಮೂರು ವಾರದಲ್ಲಿ ಬಾಯಿಪಾಠವಾಯಿತು. ಹೋದ ಸಲ ಫ್ರಿಜ್ಜು ಕೋರ್ಸಿಗೆ ಒಂಬತ್ತೇ ಜನ ಸೇರಿದ್ದು ಎಂದೂ ಯಾರೋ ಹೇಳಿದ್ದರಿಂದ ಅವನು ನಿಶ್ಚಿಂತನಾಗಿದ್ದ. ಕೊನೆಯ ಶುಕ್ರವಾರವೇ ಹೊರಟ.

ಕಾಲೇಜಿನ ದೊಡ್ಡ ಹಾಲಿನ ಬಾಗಿಲಲ್ಲಿ ಒಂದು ಬೋರ್ಡಿತ್ತು: 'ಏನು ಕೇಳುವುದಿದ್ದರೂ ಹಸಿರು ಹಾರ ಹಾಕಿಕೊಂಡಿರುವವರನ್ನು ಕೇಳಿ.' ಅದು ವೆಂಡೆಲ್‌ಗೆ ಕಾಣಲಿಲ್ಲ. ಅವನು ಬೋರ್ಡಿಗೆ ಬೆನ್ನು ಹಾಕಿ, ಆಂಟಿಯ ಚಪ್ಪಲಿ ಮೆಟ್ಟಿಲಿನ ಸಂದಿಯಿಂದ ಬಿಡಿಸುತ್ತಿದ್ದ.

ಒಳಗೆ ಐದು ಮೇಜು. ಹೊಸಬರು ಒಂದೊಂದು ಮೇಜಿನ ಮುಂದೆ ಕೂತು, ಸಲಹೆಗಾರರ ಜೊತೆ ಮಾತಾಡಿ, 'ಓದಿನ ಯೋಜನೆ' ಎಂಬ ಕಾಗದ ತುಂಬಿಸಿಕೊಂಡು, ಕೊನೆಯಲ್ಲಿದ್ದ ಕಿಟಕಿಗೆ ಕೊಟ್ಟರೆ ಸೀಟು ಖಾಯಂ. ಕಿಟಕಿಯ ಹಿಂದೆ ಮಿಸ್ ಅಗ್ಬಯಾನಿ ಎಂಬಾಕೆ ಕಂಪ್ಯೂಟರ್ ಕುಟ್ಟುತ್ತಾ ಕೂತಿದ್ದರು. ಅವರು ಕನ್ನಡಕದ ಮೇಲಿಂದ ವೆಂಡೆಲ್‌ನನ್ನು ನೋಡಿ ಗದರಿದರು.

"ಇಷ್ಟು ಹೊತ್ತಿಗಾ ಬರೋದು? ಮೂರನೇ ಮೇಜಿಗೆ ಹೋಗಿ, ಬೇಗ."

ತಡವಾಗಿ ಬಂದದ್ದಕ್ಕೆ ಬೈದರು ಅಂದುಕೊಂಡು ವೆಂಡೆಲ್ ಓಡಿದ. ಮೂರನೇ ಮೇಜಿನ ಈಚೆಗಿದ್ದ ಕುರ್ಚಿಯ ಮೇಲೆ ಯಾರದೋ ಚೀಲ ಇತ್ತು. ಆಚೆಗಿನ ಕುರ್ಚಿ ಖಾಲಿ ಇತ್ತು. ಯಾರದೋ ಚೀಲ ಎತ್ತಿಡುವುದು ಮರ್ಯಾದೆಯಲ್ಲ ಎಂದು ಅವನು ಆಚೆಗೆ ಹೋಗಿ ಕೂತು ಸಲಹೆಗಾರರಿಗಾಗಿ ಕಾಯತೊಡಗಿದ. ಆಂಟಿ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು ಹಾರದ ಮೇಲೆ ಕಣ್ಣಿಟ್ಟರು.

ಚೀಲದ ಒಡೆಯ ಬಂದ. ಹದಿನೆಂಟರ ಹುಡುಗ, ಹೆಸರು ಕೆಕೋವಾ. ಚೀಲ ಕೆಳಗಿಟ್ಟು ಎದುರಿಗೆ ಕೂತು ಆಕಳಿಸಿದ.

"ಅಂಕಲ್, ನಾನು ಏನಾಗ್ಬೇಕು?"

"ನನ್ನ ಕೇಳ್ತೀಯಲ್ಲಪ್ಪ. ನಾನೂ ಇವತ್ತೇ ಮೊದಲನೇ ಸಲ ಬಂದಿರೋದು."

"ಪರವಾಗಿಲ್ಲ ಅಂಕಲ್, ಹೊಸಬರಾದ್ರೂ ನಡೆಯುತ್ತೆ. ಅಮ್ಮ ಅಕೌಂಟೆಂಟ್ ಆಗು ಅಂತಾಳೆ, ಅಪ್ಪ ಪೊಲೀಸ್ ಆಗು ಅಂತಾನೆ."

"ನಿನಗೇನು ಇಷ್ಟ?"

"ಮಲಗೋದು."

ಇಲ್ಲಿ ವೆಂಡೆಲ್ ಎದ್ದುಹೋಗಬೇಕಿತ್ತು. ಆದರೆ ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವನನ್ನು 'ಏಣಿ ಹಿಡ್ಕೊಂಡಿದೀಯಾ?' ಎನ್ನುವುದು ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ. ಈ ಹುಡುಗ ತನ್ನ ಇಡೀ ಬಾಳನ್ನೇ ಮುಂದಿಟ್ಟು ಕೇಳುತ್ತಿದ್ದಾನೆ. ಅವನಿಗೆ ಒಳಗೊಳಗೇ ಭಾರೀ ಖುಷಿಯಾಯಿತು. ಪೆನ್ನು ತೆಗೆದ.

"ಹಂಗಾದ್ರೆ ಬೆಳಿಗ್ಗೆ ಎಂಟರ ಕ್ಲಾಸು ಯಾವುದನ್ನೂ ಮುಟ್ಟಬೇಡ. ಸಂಜೆ ಫ್ರಿಜ್ಜು, ಏಸಿ ಕೋರ್ಸು ಇದೆ. ಜೊತೆಗೆ ಇಂಗ್ಲಿಷು ಒಂದು ಹಾಕ್ಕೋ. ಗಣಿತದ ಪರೀಕ್ಷೆ ಮುಂದಿನ ವಾರ ಬರಿ, ಫೇಲಾದ್ರೂ ಯಾರೂ ಬೈಯಲ್ಲ. ಎರಡು ವರ್ಷ ಆದ್ಮೇಲೆ ತಂಪಾದ ಕೋಣೇಲಿ ಕೆಲಸ."

"ತಂಪಾದ ಕೋಣೇಲಿ ನಿದ್ದೆ ಚೆನ್ನಾಗಿ ಬರುತ್ತೆ ಅಂಕಲ್," ಎಂದು ಹುಡುಗ ಕಾಗದ ಹಿಡಿದು ಕಿಟಕಿಗೆ ಓಡಿದ.

ಅವನು ಎದ್ದ ಜಾಗದಲ್ಲಿ ಜಾಸ್ಲಿನ್ ಎಂಬ ಹೆಂಗಸು ಕೂತಳು. ನರ್ಸ್ ಆಗಬೇಕೆಂಬ ಆಸೆ, ಆದರೆ ರಕ್ತ ಕಂಡರೆ ತಲೆಸುತ್ತು. "ಫ್ರಿಜ್ಜಿಗೆ ರಕ್ತ ಇರಲ್ಲ ತಾಯಿ," ಎಂದ ವೆಂಡೆಲ್. ಆಕೆಗೆ ಇದು ಹೊಳೆದೇ ಇರಲಿಲ್ಲ. ಕಣ್ಣೊರೆಸಿಕೊಂಡು ಹೋಗಿ ಕಾಗದ ಕೊಟ್ಟಳು.

ಮಧ್ಯಾಹ್ನದ ಹೊತ್ತಿಗೆ ಮೂರನೇ ಮೇಜಿನ ಸಾಲು ಬಾಗಿಲು ದಾಟಿ ಹೊರಗೆ ಹೋಗಿತ್ತು. ಉಳಿದ ನಾಲ್ಕು ಮೇಜಿನ ಸಲಹೆಗಾರರು ತಮ್ಮ ಉಗುರು ನೋಡಿಕೊಳ್ಳುತ್ತಾ ಕೂತಿದ್ದರು. ಅವರೆಲ್ಲ 'ನಿಮ್ಮ ಕನಸೇನು?' ಎಂದು ಕೇಳುತ್ತಿದ್ದರು. ವೆಂಡೆಲ್ 'ಮನೇಲಿ ಕಾರು ಎಷ್ಟಿದೆ, ಸಂಜೆ ಮಗು ಯಾರು ನೋಡ್ಕೋತಾರೆ?' ಎಂದು ಕೇಳಿ, ಅದಕ್ಕೆ ತಕ್ಕ ಹಾಗೆ ವಾರದ ಲೆಕ್ಕ ಹಾಕಿ ಬರೆದುಕೊಡುತ್ತಿದ್ದ. ಏನಾಗಬೇಕೆಂದು ಗೊತ್ತಿದ್ದವರನ್ನು ಅವರವರ ದಾರಿಗೆ ಹಚ್ಚಿದ. ಗೊತ್ತಿಲ್ಲದವರಿಗೆಲ್ಲ ಫ್ರಿಜ್ಜಿನ ಪುರಾಣ ಹೇಳಿದ.

"ಯೋಚನೆ ಮಾಡಿ. ಸುತ್ತ ಸಮುದ್ರ, ಮೇಲೆ ಬಿಸಿಲು. ಈ ದ್ವೀಪದಲ್ಲಿ ಹಿಡಿದ ಮೀನು ತಣ್ಣಗಿರಬೇಕು, ಬಿಯರು ತಣ್ಣಗಿರಬೇಕು, ಸತ್ತ ಅಜ್ಜಿ ಲಾಸ್ ವೇಗಸ್‌ನಿಂದ ಮೊಮ್ಮಕ್ಕಳು ಬರೋವರೆಗೂ ತಣ್ಣಗಿರಬೇಕು. ತಣ್ಣಗಿಡೋನು ಇಲ್ದೆ ಯಾರಿಗಾದ್ರೂ ನಡೆಯುತ್ತಾ?"

ನಡೆಯುವುದಿಲ್ಲ ಎಂದು ಸಾಲಿನಲ್ಲಿದ್ದವರೆಲ್ಲ ತಲೆಯಾಡಿಸಿದರು. ಹಿಂದಿನಿಂದ ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಒಂದು ಗಂಟೆಗೆ ಪುವನಾನಿ ಆಂಟಿ ಮನೆಯಿಂದ ತಂದಿದ್ದ ಮುಸುಬಿ, ಅಂದರೆ ಹುರಿದ ಮಾಂಸದ ಬಿಲ್ಲೆ ಇಟ್ಟ ಅನ್ನದ ಕಟ್ಟು, ಅವನ ಬಾಯಿಗೆ ತುರುಕಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

"ಎಷ್ಟು ಚೆನ್ನಾಗಿ ಮಾತಾಡ್ತೀಯೋ. ನಿಮ್ಮಮ್ಮ ಇರಬೇಕಿತ್ತು ಇದನ್ನ ಕೇಳೋಕೆ."

"ಆಂಟಿ, ನನ್ನ ಕೆಲಸ ಇನ್ನೂ ಆಗಿಲ್ಲ. ಈ ಸಾಲು ಮುಗಿದ ತಕ್ಷಣ..."

"ಅನ್ನ ಬಾಯಲ್ಲಿಟ್ಕೊಂಡು ಮಾತಾಡಬೇಡ. ನೋಡು, ಜನ ಕಾಯ್ತಿದಾರೆ."

ವೆಂಡೆಲ್ ನುಂಗಿ, ಮುಂದಿನವರನ್ನು ಕರೆದ. ಕಿಟಕಿ ಮುಚ್ಚುವುದು ನಾಲ್ಕಕ್ಕೆ, ಇನ್ನೂ ಬೇಕಾದಷ್ಟು ಹೊತ್ತಿದೆ ಎಂಬುದು ಅವನ ಲೆಕ್ಕ. ಮೂರಕ್ಕೂ ಅದನ್ನೇ ಅಂದುಕೊಂಡ. ಮೂರೂವರೆಗೆ ಅಂದುಕೊಳ್ಳುವುದಕ್ಕೂ ಬಿಡುವಿರಲಿಲ್ಲ, ಒಬ್ಬ ಮೀನುಗಾರನಿಗೆ ಗಣಿತದ ಭಯ ಬಿಡಿಸುತ್ತಿದ್ದ.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಸಾಲು ಕರಗಿತು. ಮಿಸ್ ಅಗ್ಬಯಾನಿ ತಾವೇ ಎದ್ದು ಮೂರನೇ ಮೇಜಿಗೆ ಬಂದು ಅವನ ಕೈ ಕುಲುಕಿದರು.

"ಹನ್ನೆರಡು ವರ್ಷದಿಂದ ಈ ಕಿಟಕೀಲಿದೀನಿ. ಇಷ್ಟು ನೀಟಾಗಿ ತುಂಬಿದ ಕಾಗದ ನೋಡೇ ಇಲ್ಲ. ನೀವು ಯಾವ ವಿಭಾಗದೋರು?"

"ನಾನು ವಿಭಾಗ ಅಲ್ಲ ಮಿಸ್, ವಿದ್ಯಾರ್ಥಿ. ಸೇರೋಕೆ ಬಂದೆ. ಬೆಳಿಗ್ಗೆಯಿಂದ ಯಾರೂ ನನ್ನ ಹತ್ರ ಮಾತಾಡೋಕೆ ಬರಲೇ ಇಲ್ಲ."

ಆಕೆ ನಕ್ಕರು. ಅವನು ನಗಲಿಲ್ಲ. ಆಕೆ ಅವನ ಹಾರ ನೋಡಿದರು, ಬಾಗಿಲಿನ ಬೋರ್ಡು ನೋಡಿದರು, ಕುರ್ಚಿ ನೋಡಿದರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಇನ್ನೂ ಹತ್ತು ನಿಮಿಷ ಇದೆ. ಬನ್ನಿ ಬನ್ನಿ, ಯಾವ ಕೋರ್ಸು ಹೇಳಿ, ಈಗಲೇ ಹಾಕಿಬಿಡ್ತೀನಿ."

"ಫ್ರಿಜ್ಜು, ಏಸಿ."

ಮಿಸ್ ಅಗ್ಬಯಾನಿ ಕಂಪ್ಯೂಟರ್ ಮುಂದೆ ಕೂತು ಕೋರ್ಸಿನ ಪಟ್ಟಿ ತೆರೆದರು.

"ಅದು ಎರಡೂವರೆಗೇ ಭರ್ತಿ ಆಯ್ತಲ್ಲ. ಹದಿನಾರೂ ಹೋಯ್ತು. ಕಾಯೋರ ಪಟ್ಟೀಲೂ ಹನ್ನೆರಡು ಜನ ಇದಾರೆ." ಆ ಕೋರ್ಸಿನ ಕಾಗದದ ಕಟ್ಟನ್ನು ಮೆಲ್ಲಗೆ ಅವನ ಕಡೆ ತಿರುಗಿಸಿದರು. "ಇದೆಲ್ಲಾ ನಿಮ್ಮ ಅಕ್ಷರಾನೇ ಅಲ್ವಾ?"

ಅವನದೇ. ಒಂದೊಂದೂ ಮುತ್ತು ಪೋಣಿಸಿದ ಹಾಗಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಮಾತಿಗೆ ಇಪ್ಪತ್ತೆಂಟು ಪುರಾವೆಗಳನ್ನು ವೆಂಡೆಲ್ ಒಂದೊಂದಾಗಿ ಮಗುಚಿ ನೋಡಿದ. ಕೆಕೋವಾ ಇದ್ದ, ಜಾಸ್ಲಿನ್ ಇದ್ದಳು, ಮೀನುಗಾರನಿದ್ದ. ಹದಿನಾರನೆಯ ಕಾಗದದ ಅಕ್ಷರ ಮಾತ್ರ ಬೇರೆಯಿತ್ತು. ವಕ್ರವಕ್ರವಾಗಿ 'ಪುವನಾನಿ' ಎಂದು ಬರೆದಿತ್ತು.

ವೆಂಡೆಲ್ ಬೆಂಚಿನ ಕಡೆ ತಿರುಗಿದ. ಆಂಟಿ ಎದ್ದು ಬಂದರು, ಮುಖದಲ್ಲಿ ನಾಚಿಕೆ.

"ಮನೆಗೆ ಹೋಗಿ ಹೇಳೋಣ ಅಂದ್ಕೊಂಡಿದ್ದೆ. ನೀನು ಅಷ್ಟು ಚೆನ್ನಾಗಿ ಹೇಳ್ತಿದ್ದೆ, ಕೇಳ್ತಾ ಕೇಳ್ತಾ ನಂಗೂ ಆಸೆ ಆಗೋಯ್ತು. ಆ ಕಿಟಕಿಯಮ್ಮ ಒಂದೇ ಸೀಟಿದೆ ಅಂದ್ಳು, ಬರೆದುಕೊಟ್ಟೆ."

"ಆಂಟಿ, ಆ ಸೀಟು ನನಗೆ ಬೇಕಿತ್ತು. ಸಾಹೇಬ್ರಿಗೆ ಇವತ್ತೇ ಕಾಗದ ತೋರಿಸ್ಬೇಕು."

"ನಿನಗ್ಯಾಕೋ ಸೀಟು? ಬಂದ ಗಳಿಗೇಲೇ ಕರೆದು ಕುರ್ಚಿ ಕೊಟ್ರಲ್ಲ. ಕಾಲೇಜಲ್ಲೇ ಆಫೀಸರ್ ಆದೋನು ಕೆಳಗೆ ಕೂತು ಪಾಠ ಕೇಳ್ತಾನಾ? ಹೇಗೂ ನೀನು ದಿನಾ ಬರ್ತೀಯ, ನಿನ್ನ ಗಾಡೀಲೇ ನಾನೂ ಬರ್ತೀನಿ."

ವೆಂಡೆಲ್ ಮಿಸ್ ಅಗ್ಬಯಾನಿಯ ಕಡೆ ನೋಡಿದ. "ಇವರು ಬಿಟ್ಟುಕೊಟ್ರೆ?"

"ಬಿಟ್ಟುಕೊಟ್ರೆ ಪಟ್ಟೀಲಿ ಮೊದಲನೇ ಹೆಸರಿರೋರಿಗೆ ಹೋಗುತ್ತೆ. ನಿಯಮ." ಆಕೆಗೆ ನಿಜವಾಗಿಯೂ ಕನಿಕರವಾಗಿತ್ತು. ಕಾಯುವವರ ಪಟ್ಟಿಯನ್ನೂ ಪೆನ್ನನ್ನೂ ಅವನ ಮುಂದಿಟ್ಟರು. "ಹದಿಮೂರನೇ ಸಾಲು ಖಾಲಿ ಇದೆ. ನಿಮ್ಮ ಹೆಸರು ಬರೆದುಬಿಡಿ. ಪಟ್ಟೀಲಿ ಹೆಸರಿದೆ ಅಂತ ಒಂದು ಕಾಗದ ಕೊಡ್ತೀನಿ, ನಿಮ್ಮ ಸಾಹೇಬರಿಗೆ ತೋರಿಸಿ. ಒಪ್ಪಿದರೂ ಒಪ್ಪಬಹುದು."

ವೆಂಡೆಲ್‌ಗೆ ಹೋದ ಜೀವ ಬಂದಂತಾಯಿತು. ಪೆನ್ನು ಹಿಡಿದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುರುಗುಟ್ಟಿತು. ಟೊಕುನಾಗ.

"ಏನಪ್ಪಾ ವೆಂಡೆಲ್, ಹೇಳಲೇ ಇಲ್ವಲ್ಲ. ನಿಮ್ಮ ಪಕ್ಕದ ಮನೆಯೋರು ಮಧ್ಯಾಹ್ನ ಫೋನ್ ಮಾಡಿ ಹೇಳಿದ್ರು. ಕಾಲೇಜಲ್ಲಿ ಆಫೀಸರ್ ಆಗಿದೀಯಂತೆ, ಜನ ಸಾಲಲ್ಲಿ ನಿಂತಿದಾರಂತೆ. ನಮ್ಮ ಹೋಟೆಲಿಗೇ ಹೆಮ್ಮೆ ಕಣಯ್ಯಾ."

"ಸಾರ್, ಅದು ಹಾಗಲ್ಲ..."

"ಏಣಿ ಹಿಡಿಯೋಕೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ, ನೀನೇನೂ ಚಿಂತೆ ಮಾಡಬೇಡ. ಮೆಕ್ಯಾನಿಕ್ ಕೆಲಸ ಡಸ್ಟಿನ್‌ಗೇ ಕೊಟ್ಟೆ. ಈಗ ನಿನ್ನಿಂದ ಒಂದೇ ಒಂದು ಉಪಕಾರ ಆಗ್ಬೇಕು. ಆ ಫ್ರಿಜ್ಜು ಕೋರ್ಸಿಗೆ ಹೇಗಾದ್ರೂ ಮಾಡಿ ಅವನ ಹೆಸರು ಸೇರಿಸಿಬಿಡು. ನಿನ್ನ ಕೈಲೇ ಇದೆಯಲ್ಲ ಎಲ್ಲ. ಆಗಲ್ಲ ಅನ್ನಬೇಡ ಮತ್ತೆ."

ಆಗಲ್ಲ ಎಂಬ ಮಾತು ವೆಂಡೆಲ್‌ನ ಗಂಟಲವರೆಗೂ ಬಂತು. ಅಲ್ಲಿಂದ ಮೇಲೆ ಬರುವ ಅಭ್ಯಾಸ ಅದಕ್ಕಿರಲಿಲ್ಲ.

"ಆಯ್ತು ಸಾರ್," ಎಂದ.

ಫೋನಿಟ್ಟು, ಹದಿಮೂರನೇ ಸಾಲಿನಲ್ಲಿ ಡಸ್ಟಿನ್‌ನ ಹೆಸರನ್ನು ಮುದ್ದಾಗಿ ಬರೆದ. ಆಮೇಲೆ ತಲೆ ಎತ್ತಿ, "ಮಿಸ್, ನನ್ನ ಹೆಸರು ಹದಿನಾಲ್ಕರಲ್ಲಿ ಬರೀಲಾ?" ಎಂದು ಕೇಳಿದ.

ಮಿಸ್ ಅಗ್ಬಯಾನಿ ಕಾಗದ ತಿರುಗಿಸಿ ನೋಡಿದರು. ಆ ಪಟ್ಟಿಯಲ್ಲಿ ಇದ್ದದ್ದೇ ಹದಿಮೂರು ಸಾಲು.