ಅತ್ತೆಯ ತಲೆ ಮತ್ತು ಬೂದು ಕಾರ್ಡು

"ಈ ಸಲ ಅತ್ತೆಯ ಬಣ್ಣ ಕೂದಲೆಳೆಯಷ್ಟು ಆಚೀಚೆ ಆದ್ರೂ ನನ್ನ ಹೆಸರು ಮೀಟರಣ್ಣನೇ ಅಲ್ಲ!"

ಹೀಗೆ ಎದೆ ತಟ್ಟಿಕೊಂಡವನು ನಮ್ಮ ಬೀದಿಯ ಫೋಟೋ ಸ್ಟುಡಿಯೋದ ಯಜಮಾನ. ಬೆಳಕು ಅಳೆಯುವ ಮೀಟರು ಕೊರಳಿಗಿಲ್ಲದೆ ಬಾಗಿಲು ದಾಟದ ಮಹಾಪುರುಷ. ಬೀದಿಯವರು ಆ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. "ಕಣ್ಣು ಮೋಸ ಮಾಡುತ್ತೆ, ಮೀಟರು ಮಾಡಲ್ಲ" ಎಂಬುದು ಅವನ ವೇದವಾಕ್ಯ.

ಆ ವೇದವಾಕ್ಯಕ್ಕೆ ಹೋದ ವರ್ಷ ಭಾರಿ ಪೆಟ್ಟು ಬಿದ್ದಿತ್ತು. ಅತ್ತೆಯ ಬಿಳಿ ಶಾಲಿಗೆ ಮೀಟರು ಹಿಡಿದು ಫೋಟೋ ತೆಗೆದಿದ್ದ. ಮೀಟರಿಗೋ ಒಂದೇ ಹುಚ್ಚು: ಎದುರಿಗೆ ಏನು ಬಂದರೂ ಅದು ಬೂದು ಎಂದೇ ನಂಬುವುದು. ಶಾಲು ಬೂದಾಯಿತು, ಅತ್ತೆಯ ಮುಖ ಇದ್ದಿಲಾಯಿತು! ಅಂದಿನಿಂದ ಅವರು ಅಳಿಯನ ಜೊತೆ ಮಾತು ಬಿಟ್ಟರು. ಊಟಕ್ಕೆ ಕೂತಾಗ ಅವನ ಮುಂದಿರುವ ಉಪ್ಪನ್ನೂ ಮಗಳ ಮೂಲಕವೇ ಕೇಳುತ್ತಿದ್ದರು. ಈಗ ಹುಟ್ಟುಹಬ್ಬದ ಹೊಸ ಫೋಟೋಗೆ ಹೇಗೋ ಒಪ್ಪಿದ್ದರು.

"ಈ ಸಲವೂ ಕೆಟ್ರೆ ಅಮ್ಮ ನಮ್ಮ ಹೊಸಿಲು ತುಳಿಯಲ್ಲ. ನೀವೂ ಸ್ಟುಡಿಯೋದಲ್ಲೇ ಹಾಸಿಗೆ ಹಾಕ್ಕೊಳ್ಳಿ," ಎಂದಳು ಹೆಂಡತಿ.

"ಅಳೆಯೋದಕ್ಕೇ ಹುಟ್ಟಿದ ಅಳಿಯ ಕಣೇ ನಾನು! ಬೂದು ಕಾರ್ಡಿದೆ. ಬಿದ್ದ ಬೆಳಕಲ್ಲಿ ನೂರಕ್ಕೆ ಹದಿನೆಂಟು ಪಾಲು ವಾಪಸ್ ಕೊಡೋ ಅಪ್ಪಟ ಬೂದು. ಮೀಟರಿಗೆ ಅದೇ ಗುರು. ಅಮ್ಮನ ಪಕ್ಕ ಅದನ್ನಿಟ್ಟು ಅಳೆಯೋದು, ಕ್ಲಿಕ್ ಮಾಡೋದು, ಕೆಲಸ ಮುಗಿದ್ಮೇಲೆ ಕಾರ್ಡನ್ನ ಫೋಟೋದಿಂದ ಕತ್ತರಿಸಿ ಹಾಕೋದು. ಅಷ್ಟೆ!"

"ಕಪಾಟಲ್ಲಿತ್ತಲ್ಲ, ಅದಾ? ಎಷ್ಟು ಕೊಳೆ ಹಿಡಿದಿತ್ತು ಅಂತೀರಿ! ಬ್ಲೀಚಲ್ಲಿ ನೆನೆಸಿ ಉಜ್ಜಿದೆ. ನೋಡಿ, ಹಾಲಿನ ಹಾಗೆ ಹೊಳೀತಿದೆ!"

ಮೀಟರಣ್ಣ ಕಾರ್ಡನ್ನು ಮೂಲೆಗೆ ಎಸೆದ. ಬೇರೆ ಬೂದು ಹುಡುಕಲು ಹೊರಟ. ಪಾತ್ರೆಯ ತಳ ನೋಡಿದ, ಕಾಲೊರಸು ನೋಡಿದ, ಪಕ್ಕದ ಮನೆಯ ಬೂದು ಬೆಕ್ಕಿನ ಹಿಂದೆ ಮಂಚದಡಿ ತೂರಿ ಮೂಗು ಪರಚಿಸಿಕೊಂಡ. ಮೂಗು ಒರೆಸಿಕೊಳ್ಳುವಾಗ ಥಟ್ಟನೆ ಹೊಳೆಯಿತು. ಅತ್ತೆಯ ಕೂದಲು! ಎಷ್ಟು ವರ್ಷದಿಂದ ನೋಡ್ತಿದ್ದೀನಿ, ಅಪ್ಪಟ ಬೂದು!

"ಕಾರ್ಡು ಯಾಕೆ? ನಿಮ್ಮಮ್ಮನ ತಲೆ ಸಾಕು!"

"ರೀ, ಅಮ್ಮನ ತಲೆ ಇವತ್ತು..."

"ಸುಮ್ನಿರೇ, ಇದು ನನ್ನ ವಿದ್ಯೆ!"

ಅತ್ತೆ ಬಂದು ಕುರ್ಚಿಯಲ್ಲಿ ಕೂತರು. ಅವರತ್ತ ತಲೆಯೆತ್ತಿ ನೋಡುವ ಧೈರ್ಯ ಅಳಿಯನಿಗೆಲ್ಲಿ? ಮೀಟರಿನ ಮುಳ್ಳಿಗೇ ಕಣ್ಣು ನೆಟ್ಟು, ಅದನ್ನು ಅವರ ತಲೆಯ ಬಳಿ ಹಿಡಿದ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಸಿದ್ಧವಾಗಿತ್ತು. ಮುಳ್ಳು ಹೇಳಿದಂತೆ ಅದರ ಗುಂಡಿ ತಿರುಗಿಸಿ ಕ್ಲಿಕ್ಕಿಸಿಯೇಬಿಟ್ಟ.

ಕಂಪ್ಯೂಟರಿನಲ್ಲಿ ಫೋಟೋ ತೆರೆಯಿತು. ಮುಖ ಬ್ಲೀಚಿನಲ್ಲಿ ಉಜ್ಜಿದ ಕಾರ್ಡಿನಂತೆ ಬೆಳ್ಳಗೆ, ಕಣ್ಣೂ ಇಲ್ಲ ಮೂಗೂ ಇಲ್ಲ! ಆದರೂ ಅವನು ಸೋಲೊಪ್ಪಲಿಲ್ಲ.

"ಕೂದಲು ನೋಡಿ ಅತ್ತೆ, ಅಪ್ಪಟ ಬೂದು!" ಎನ್ನುತ್ತ ತಿರುಗಿದವನು ಹಾಗೇ ನಿಂತ. ಅತ್ತೆಯ ತಲೆ ಕಾಡಿಗೆಯಷ್ಟು ಕಪ್ಪಗಿತ್ತು.

ವರ್ಷದ ಮೌನ ಮುರಿಯಿತು. "ಅಳಿಯಂದ್ರೇ! ಬೆಳಗ್ಗಿಂದ ಪಾರ್ಲರಲ್ಲಿ ಕೂತು ಕಪ್ಪು ಮಾಡಿಸ್ಕೊಂಡು ಬಂದೆ. ಒಂದೇ ಕ್ಲಿಕ್ಕಿಗೆ ತೊಳೆದು ಹಾಕಿದ್ರಲ್ಲ!"

ಮೀಟರಣ್ಣನ ಮುಖ ಬೂದಿ ಬಳಿದಂತಾಯಿತು. ಹೆಂಡತಿ ಅದನ್ನೇ ದಿಟ್ಟಿಸಿ ನೋಡಿದಳು.

"ರೀ, ಅಲ್ಲಾಡ್ಬೇಡಿ! ಇದೇ ಬಣ್ಣ ಬೇಕಾಗಿದ್ದು!"

ಅವನನ್ನು ಅಮ್ಮನ ಪಕ್ಕ ನಿಲ್ಲಿಸಿ, ಮೀಟರು ಕಸಿದು ಅವನ ಮುಖಕ್ಕೇ ಹಿಡಿದು, ತಾನೇ ಕ್ಲಿಕ್ಕಿಸಿದಳು. ಅತ್ತೆ ಇದ್ದ ಹಾಗೇ ಬಂದಿದ್ದರು! ಮುಖದ ನಗುವೂ ಸರಿ, ಕೂದಲಿನ ಕಪ್ಪೂ ಸರಿ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ನೇರವಾಗಿಯೇ, "ಅಳಿಯಂದ್ರೇ, ಉಪ್ಪು ಈ ಕಡೆ ಕೊಡಿ" ಎಂದರು. ಅವನಿಗೆ ಕಣ್ಣು ತುಂಬಿ ಬಂತು. ಉಪ್ಪು ಕೊಟ್ಟು, ಗೋಡೆಗೆ ಆಗಲೇ ಏರಿದ್ದ ಫೋಟೋದತ್ತ ಹೆಮ್ಮೆಯಿಂದ ನೋಡಿದ. ಅತ್ತೆಯೊಬ್ಬರೇ ಇದ್ದರು.

"ಲೇ, ಇದರಲ್ಲಿ ನಾನೆಲ್ಲಿ?"

"ಕಾರ್ಡಿನ ಕೆಲಸ ಮುಗೀತಲ್ಲ ರೀ," ಎಂದಳು ಹೆಂಡತಿ, "ಕತ್ತರಿಸಿ ಹಾಕಿದೆ!"