ಐತಪ್ಪಜ್ಜನ ಟ್ರಂಕಿನ ಕಾರ್ಖಾನೆ

ಪೂರ್ವಜರು ಯಾರಿಗಿಲ್ಲ? ಆದರೆ ದೋಹಾದ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದ ದೂಮಪ್ಪ ಸಾಲಿಯಾನರಿಗೆ ತಮಗೂ ಅವರಿದ್ದಾರೆಂದು ಹೊಳೆದದ್ದು, ಮ್ಯಾನೇಜರ್ ಪಿಕರಿಂಗ್ ಸಾಹೇಬರು ರಜೆ ಮುಗಿಸಿ ಬಂದ ಮೇಲೆಯೇ. ಸಾಹೇಬರು ಇಂಗ್ಲೆಂಡಿನಲ್ಲಿ ತಮ್ಮ ಮುತ್ತಜ್ಜನ ಕಾರ್ಖಾನೆಯನ್ನು ಪತ್ತೆ ಹಚ್ಚಿ ಬಂದಿದ್ದರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಲ್ಲಿ ತಗಡಿನ ತಟ್ಟೆ, ಡಬ್ಬಿಗಳಿಗೆ ಕಪ್ಪು ಮೆರುಗೆಣ್ಣೆ ಬಳಿದು, ಒಲೆಯಲ್ಲಿ ಬೇಯಿಸಿ, ಮುಖ ಕಾಣುವಷ್ಟು ಹೊಳಪು ತರುತ್ತಿದ್ದರಂತೆ. ಆ ವಿದ್ಯೆಯ ಹೆಸರು ಜಪಾನಿಂಗ್. (ಸಾಹೇಬರ ಮುತ್ತಜ್ಜ ಜಪಾನಿನವರೆಂದೇ ದೂಮಪ್ಪನವರು ಮೊದಲು ನಂಬಿದ್ದರು.) ಅಂಥದ್ದೊಂದು ತಟ್ಟೆ ಈಗ ಸಾಹೇಬರ ಮೇಜಿನ ಹಿಂದೆ ದೇವರ ಪಟದ ಹಾಗೆ ತೂಗುತ್ತಿತ್ತು. ಆಫೀಸಿನವರು ಅದಕ್ಕೆ ಅಡ್ಡಬೀಳುವುದೊಂದು ಬಾಕಿ.

ದೂಮಪ್ಪನವರ ಹೊಟ್ಟೆಗೆ ಕಿಚ್ಚು ಬಿತ್ತು. ಬಿನ್ ಒಮ್ರಾನ್ ಬಡಾವಣೆಯ ತಮ್ಮ ಫ್ಲ್ಯಾಟಿಗೆ ಬಂದವರೇ ಮಂಚದ ಕೆಳಗೆ ನುಗ್ಗಿದರು.

"ಎಂತ ಮಾರಾಯ್ರೆ, ಜಿರಳೆ ಉಂಟಾ?" ಹೆಂಡತಿ ಲೀಲಾಕ್ಷಿ ಓಡಿ ಬಂದಳು.

"ಜಿರಳೆ ಅಲ್ಲ, ಚರಿತ್ರೆ!"

ಹೊರಗೆ ಬಂದದ್ದು ಅಪ್ಪ ಕೊಟ್ಟಿದ್ದ ಹಳೆಯ ಟ್ರಂಕು. ಒರೆಸಿದರೆ ಅದೇ ಕಪ್ಪು, ಅದೇ ಹೊಳಪು, ಅಂಚಿಗೆ ಚಿನ್ನದ ಬಣ್ಣದ ಬಳ್ಳಿ! ಮುಚ್ಚಳದ ಒಳಗೆ 'ಐತಪ್ಪ ಕೋಟ್ಯಾನ್, ಮಂಗಳೂರು' ಎಂಬ ಮುದ್ರೆ.

"ಕೋಟ್ಯಾನಾ? ಹಾಗಾದ್ರೆ ಇದು ನಮ್ಮ..."

"ನಮ್ಮದೇ! ನನ್ನ ಅಪ್ಪನ ಅಜ್ಜ!"

"ನಾನು ಹೇಳುವುದು ಅದಲ್ಲ..."

"ನಿನಗೆ ಇತಿಹಾಸ ಎಲ್ಲ ಅರ್ಥ ಆಗುವುದಿಲ್ಲ ಮಾರಾಯ್ತಿ. ಒಂದು ಚಾ ಮಾಡು."

ಊರಿನ ಚಿಕ್ಕಪ್ಪನಿಗೆ ಫೋನು ಹೋಯಿತು. "ಹೌದಪ್ಪಾ, ಬಂದರಿನ ಹತ್ತಿರ ಅಜ್ಜನ ತಗಡಿನ ಕಾರ್ಖಾನೆ ಇತ್ತು. ಆದ್ರೆ ಅದು ಆಮೇಲೆ ಹೋದದ್ದು..." ಎನ್ನುವಷ್ಟರಲ್ಲಿ ಫೋನ್ ಕಾರ್ಡ್ ಖಲಾಸ್. ದೂಮಪ್ಪನವರಿಗೆ ಅಷ್ಟು ಸಾಕಿತ್ತು. ಮರುದಿನ ಸಾಹೇಬರೆದುರು ಎದೆ ಸೆಟೆಸಿ, "ನಮ್ಮದೂ ಜಪಾನಿಂಗ್ ಫ್ಯಾಮಿಲಿ ಸಾರ್" ಎಂದರು. ಸಾಹೇಬರು ಕುರ್ಚಿಯಿಂದ ಎದ್ದು ಕೈ ಕುಲುಕಿದರು. ಹನ್ನೆರಡು ವರ್ಷದ ನೌಕರಿಯಲ್ಲಿ ಅವರು ದೂಮಪ್ಪನವರಿಗಾಗಿ ಎದ್ದದ್ದು ಅದೇ ಮೊದಲು. ಇನ್ನು ಈ ಮರ್ಯಾದೆಯನ್ನು ಬಿಟ್ಟು ಬದುಕುವುದು ಹೇಗೆ?

ಸುದ್ದಿ ಊರವರ ಸಂಘಕ್ಕೂ ಮುಟ್ಟಿತು. ವಾರ್ಷಿಕೋತ್ಸವದಲ್ಲಿ 'ಕರಾವಳಿಯ ಕೈಗಾರಿಕಾ ಪಿತಾಮಹನ ಕುಡಿ'ಗೆ ಶಾಲು, ಹಾರ, ಫಲತಾಂಬೂಲ. (ಬಿರುದನ್ನು ಬರೆದುಕೊಟ್ಟವರು ದೂಮಪ್ಪನವರೇ.) ಮುಖ್ಯ ಅತಿಥಿ ಪಿಕರಿಂಗ್ ಸಾಹೇಬರು.

ವೇದಿಕೆಯ ಮೇಲೆ ಮುಚ್ಚಳ ತೆರೆದಿಟ್ಟ ಟ್ರಂಕು ಮಿರಮಿರ ಮಿಂಚುತ್ತಿತ್ತು. ಅಧ್ಯಕ್ಷ ತನಿಯಪ್ಪಣ್ಣ ಶಾಲನ್ನು ದೂಮಪ್ಪನವರ ಒಂದು ಹೆಗಲಿಗೆ ಹೊದಿಸಿದವರು, ಮುಚ್ಚಳದ ಮುದ್ರೆ ಕಂಡು ತಡೆದರು. ದೋಹಾದ ತುಳುವರೆಲ್ಲರ ಬರಿ, ಅಂದರೆ ವಂಶದ ಹೆಸರು, ಅವರಿಗೆ ಬಾಯಿಪಾಠ.

"ಅಲ್ಲ ದೂಮಣ್ಣ, ನೀವು ಸಾಲಿಯಾನ್, ಅಜ್ಜ ಕೋಟ್ಯಾನ್. ನಮ್ಮಲ್ಲಿ ಬರಿ ತಾಯಿಯಿಂದ ಬರುವುದಲ್ವಾ? ಈ ಅಜ್ಜ ನಿಮ್ಮ ಕುಟುಂಬಕ್ಕೆ ಹೇಗೆ ಸೇರ್ತಾರೆ?"

ದೂಮಪ್ಪನವರು ಟ್ರಂಕಿನ ಮುಚ್ಚಳ ಮುಚ್ಚಿದರು. ವಂಶವೂ ಆಸ್ತಿಯೂ ಹೆಣ್ಣಿನ ಕಡೆಗೇ ಹೋಗುವ ಅಳಿಯಕಟ್ಟಿನಲ್ಲಿ ಹುಟ್ಟಿದಂದಿನಿಂದ ಬೆಳೆದ ಮನುಷ್ಯ, ಸಾಹೇಬರನ್ನು ನೋಡಿ ಅಪ್ಪ, ಅಪ್ಪನ ಅಪ್ಪ, ಅವರಪ್ಪ ಎಂದು ಏಣಿ ಹತ್ತಿಬಿಟ್ಟಿದ್ದರು. ತುಳುವರಲ್ಲಿ ಆ ಏಣಿ ಇರುವುದು ಪಕ್ಕದ ಮನೆಯ ಗೋಡೆಗೆ.

"ಐತಪ್ಪಜ್ಜನ ತಂಗಿಯ ಕಡೆಯವರು ಯಾರಾದ್ರೂ ಇದ್ದಾರಾ?" ತನಿಯಪ್ಪಣ್ಣ ಮೈಕಿನಲ್ಲಿ ಕೇಳಿದರು.

ಹೆಂಗಸರ ಸಾಲಿನಿಂದ ಲೀಲಾಕ್ಷಿ ಎದ್ದು ನಿಂತಳು. "ನನ್ನ ಅಜ್ಜಿಯ ತಾಯಿಯೇ ಆ ತಂಗಿ. ಕಾರ್ಖಾನೆ ಕೂಡ ನಮ್ಮ ಮನೆಗೇ ಬಂದದ್ದು. ಇವರಿಗೆ ಹೇಳ್ಲಿಕ್ಕೆ ಹೊರಟಿದ್ದೆ. ಚಾ ಮಾಡು ಅಂದ್ರು."

ಸಭೆ ಗೊಳ್ಳೆಂದಿತು. ಶಾಲು ಒಂದು ಹೆಗಲಿನಿಂದ ಜಾರಿ ಇನ್ನೊಬ್ಬರ ಎರಡೂ ಹೆಗಲಿಗೆ ಏರಿತು. ವಿಷಯ ತಿಳಿದುಕೊಂಡ ಸಾಹೇಬರು ಲೀಲಾಕ್ಷಿಗೆ ತಲೆಬಾಗಿ, ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಅದು ದೂಮಪ್ಪನವರ ಕುರ್ಚಿ. ಅವರು ಎಲ್ಲಿ ನಿಲ್ಲುವುದೆಂದು ತಿಳಿಯದೆ ಫಲತಾಂಬೂಲದ ಹರಿವಾಣ ಹಿಡಿದು ನಿಂತರು. ಅವಮಾನಕ್ಕಿಂತ ಹೆಚ್ಚಾಗಿ, ಮರುದಿನ ಆಫೀಸಿಗೆ ಯಾವ ಮುಖ ಹೊತ್ತು ಹೋಗುವುದೆಂಬ ಚಿಂತೆ.

ಕೊನೆಗೆ ಲೀಲಾಕ್ಷಿ ಮೈಕ್ ಹಿಡಿದಳು. "ನಮ್ಮ ಐತಪ್ಪಜ್ಜನ ಕಾರ್ಖಾನೆಯನ್ನು ಹುಡುಕಿ ಕೊಟ್ಟದ್ದು ಇವರೇ. ಪಾಪ, ತನ್ನದೆಂದು ತಿಳ್ಕೊಂಡು ಹುಡುಕಿದ್ದು. ಇವರಿಗೂ ಒಂದು ಚಪ್ಪಾಳೆ ತಟ್ಟಿ."

ಸಭೆ ತಟ್ಟಿತು, ಸಾಹೇಬರೂ ತಟ್ಟಿದರು. ಹರಿವಾಣವನ್ನು ಕೆಳಗಿಟ್ಟು ದೂಮಪ್ಪನವರೂ ತಟ್ಟಿದರು.