ಎರಡು ಮಂಚದ ಕೋಣೆ

ಸಿಂಧನೂರಿನ ಪಾತ್ರೆ ಅಂಗಡಿ ಅಮರಗುಂಡಪ್ಪನಿಗೆ ಹುಲಿಯ ಮೇಲೆ ಪ್ರೀತಿಯೇನೂ ಇರಲಿಲ್ಲ. ಆನೆಯನ್ನು ಸರ್ಕಸ್ಸಿನಲ್ಲಿ ಒಮ್ಮೆ ನೋಡಿದ್ದ. ಜೀವಮಾನಕ್ಕೆ ಅಷ್ಟು ಸಾಕೆಂದುಕೊಂಡಿದ್ದ. ಅಂಥವನು ಸಾವಿರದ ಒಂಬೈನೂರ ಎಂಬತ್ತೇಳರ ಬೇಸಿಗೆಯಲ್ಲಿ ಬಂಡೀಪುರಕ್ಕೆ ಹೋಗಿಯೇ ತೀರುತ್ತೇನೆಂದು ಹಟ ಹಿಡಿದ. ಅದಕ್ಕೆ ಕಾರಣ ಹುಬ್ಬಳ್ಳಿಯ ಸ್ಟೀಲ್ ಏಜೆಂಟ ಅಂಗಡಿಯಲ್ಲಿ ಚಹಾ ಕುಡಿಯುತ್ತ ಆಡಿದ ಒಂದು ಮಾತು.

"ಕಾಡಿನೊಳಗ ಸರ್ಕಾರಿ ಗೆಸ್ಟ್‌ಹೌಸ್ ಐತ್ರಿ. ಒಂದ ಕೋಣಿ, ಎರಡ ಮಂಚ. ಕತ್ತಲಾತಂದ್ರ ಗೇಟ್ ಹಾಕಿಬಿಡ್ತಾರ. ಹೊರಗಿನವ್ರು ಒಬ್ರೂ ಒಳಗ ಬರೂ ಹಂಗಿಲ್ಲ."

ಒಬ್ಬರೂ ಒಳಗೆ ಬರುವ ಹಾಗಿಲ್ಲ! ಅಮರಗುಂಡಪ್ಪ ಏಜೆಂಟನಿಗೆ ಇನ್ನೊಂದು ಚಹಾ ತರಿಸಿದ.

ಅವನ ಸಂಕಟ ತಿಳಿಯಬೇಕಾದರೆ ಅವನ ಮನೆಯನ್ನು ನೋಡಬೇಕು. ಮನೆ ಬಸ್‌ಸ್ಟ್ಯಾಂಡಿನ ಹಿಂದೆಯೇ. ಅವನ ತಾಯಿ ಗುರುಲಿಂಗಮ್ಮನ ತವರು ವಳಕಮದಿನ್ನಿ, ಗಂಡನ ಊರು ಸಾಲಗುಂದ. ಆ ಎರಡೂ ಊರುಗಳಿಂದ ದವಾಖಾನೆಗೆ ಬಂದವರು, ಟ್ರ್ಯಾಕ್ಟರ್ ಸಾಮಾನಿಗೆ ಬಂದವರು, ಸಿನಿಮಾಕ್ಕೆಂದೇ ಬಂದು ಕೊನೆಯ ಬಸ್ಸನ್ನು ಬೇಕಂತಲೇ ತಪ್ಪಿಸಿಕೊಂಡವರು, ಎಲ್ಲರೂ ತಮ್ಮ ಕೈಚೀಲ ಇಡುವುದು ಗುರುಲಿಂಗಮ್ಮನ ಪಡಸಾಲೆಯಲ್ಲೇ. ನಾಲ್ಕು ಮಂದಿಗೆ ರೊಟ್ಟಿ ಬಡಿದು ಹಾಕದ ದಿನ ಆ ಮುದುಕಿಗೆ ಉಂಡದ್ದು ಅರಗುತ್ತಿರಲಿಲ್ಲ. ರಾತ್ರಿ ಗಂಡಸರೆಲ್ಲ ಪಡಸಾಲೆಯಲ್ಲಿ, ಹೆಂಗಸರೆಲ್ಲ ಒಳಗೆ; ಇದು ಹಿರಿಯರು ಹಾಕಿಕೊಟ್ಟ ಪದ್ಧತಿ. ಹೀಗಾಗಿ ಮದುವೆಯಾಗಿ ಒಂಬತ್ತು ವರ್ಷವಾದರೂ ಅಮರಗುಂಡಪ್ಪ ಮಾವಂದಿರ ಗೊರಕೆಯ ನಡುವೆ ಮಲಗುತ್ತಿದ್ದ, ಹೆಂಡತಿ ವೀರಭದ್ರಮ್ಮ ಅತ್ತೆಯ ಮಗ್ಗುಲಲ್ಲಿ ಮಲಗುತ್ತಿದ್ದಳು. ಇದರ ನಡುವೆ ಎರಡು ಮಕ್ಕಳು ಹೇಗೆ ಹುಟ್ಟಿದವೆಂಬುದು ಅವನಿಗೇ ಸೋಜಿಗ. ಊರು ಬಿಟ್ಟು ಹೋದರೂ ಇಳಿದುಕೊಳ್ಳುವುದು ಬೀಗರ ಮನೆಯಲ್ಲೇ. ಅಲ್ಲಿಯೂ ಪಡಸಾಲೆ ಇರುತ್ತಿತ್ತು, ಗೊರಕೆಯೂ ಇರುತ್ತಿತ್ತು.

ಈ ಸಲ ಮಕ್ಕಳು ರಜೆಗೆಂದು ಸಂತೆಕಲ್ಲೂರಿನ ಅಜ್ಜಿಯ ಮನೆಗೆ ಹೋಗಿದ್ದವು. ಲಿಂಗಸುಗೂರಿನ ಅರಣ್ಯ ಇಲಾಖೆಯಲ್ಲಿದ್ದ ರಾಮಣ್ಣ ಮಗಳ ಮದುವೆಗೆ ಇವನ ಅಂಗಡಿಯಲ್ಲೇ ಪಾತ್ರೆ ಒಯ್ದಿದ್ದ. "ನಾ ನಾಳಿ ಮಧ್ಯಾಹ್ನದ ಬಸ್ಸಿಗೆ ಮೈಸೂರಿನ ಆಫೀಸಿಗೆ ಹೊಂಟೀನ್ರಿ. ಅಷ್ಟರೊಳಗ ಬಂದು ಅರ್ಜಿಗೆ ಸಹಿ ಹಾಕಿ ಹೋಗ್ರಿ, ಬರೋ ವಾರಕ್ಕ ನಿಮ್ಮ ಕೋಣಿ ಗಟ್ಟಿ" ಎಂದು ಅವನು ಹೇಳಿ ಕಳಿಸಿದ್ದ. "ಅಲ್ಲಿ ನಾವಿಬ್ಬರ" ಎಂದು ಅಮರಗುಂಡಪ್ಪ ಅಡುಗೆಮನೆಯ ಬಾಗಿಲಲ್ಲಿ ಪಿಸುಗುಟ್ಟಿದಾಗ ವೀರಭದ್ರಮ್ಮ ನಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಬೆಳಗಾಗುವುದರೊಳಗೆ ಬಟ್ಟೆಯ ಚೀಲವನ್ನೂ ತುಂಬಿಟ್ಟಿದ್ದಳು.

ಬೆಳಿಗ್ಗೆ ಅವನು ಹೊಸ್ತಿಲು ದಾಟುತ್ತಿದ್ದಂತೆ ಪಕ್ಕದ ಮನೆಯ ಬೀಜದ ವ್ಯಾಪಾರಿ ದೊಡ್ಡಬಸಪ್ಪ ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡೇ ಅಡ್ಡಗಟ್ಟಿದ.

"ಬಂಡೀಪುರಕ್ಕ ಹೊಂಟೀಯಂತಲ್ಲೋ ಅಮರಪ್ಪ. ಎಲ್ಲಿ ಇಳಕೊಳ್ತಿ?"

"ಸರ್ಕಾರಿ ಗೆಸ್ಟ್‌ಹೌಸಿನಾಗ್ರೀ ಕಾಕಾ."

ದೊಡ್ಡಬಸಪ್ಪ ಬೇವಿನಕಡ್ಡಿ ಉಗುಳಿದ. "ಏನ್ ಮಾತಂತ ಆಡ್ತೀಯೋ! ನನ್ನ ಷಡ್ಡಕ ಗುಂಡ್ಲುಪೇಟೆದಾಗ ಅಷ್ಟು ದೊಡ್ಡ ಮನಿ ಕಟ್ಟ್ಯಾನ. ನಮ್ಮೋರ ಮನಿ ಇರಾಗ ಸರ್ಕಾರದ ಮನ್ಯಾಗ ಮಲಗಿದ್ರ ಮಂದಿ ಏನಂದಾರು? ಪಡಸಾಲಿ ಅಂದ್ರ ಇಪ್ಪತ್ತು ಮಂದಿ ಮಲಗಬೌದು ನೋಡು. ನಾನೂ ಬರ್ತೀನಿ, ಚಿಂತಿ ಬಿಡು."

ಪಡಸಾಲೆ ಎಂಬ ಮಾತು ಕೇಳಿದ್ದೇ ಅಮರಗುಂಡಪ್ಪ ಎರಡೂ ಕೈ ಅಲ್ಲಾಡಿಸಿದ. "ಇಲ್ಲ ಕಾಕಾ, ನನಗ ಪ್ರಾಣಿ ನೋಡಬೇಕಂತ ಆಸೆ ಐತ್ರಿ. ಕಾಡಿನಾಗಾ ಇರಬೇಕು."

"ಹಂಗಾರ ನಾನೂ ಅಲ್ಲೇ ಇಳಕೊಳ್ತೀನಿ ತಗೋ."

ಹುಟ್ಟಿದಾಗಿನಿಂದ ತೂಕದಲ್ಲೂ ಮಾತಿನಲ್ಲೂ ಮೋಸ ಮಾಡದ ಅಮರಗುಂಡಪ್ಪ ಆಗ ತನ್ನ ಮೊದಲ ಸುಳ್ಳನ್ನು ಹೇಳಿದ. "ಬರ್ರಿ ಕಾಕಾ. ಆದ್ರ ಅಲ್ಲಿ ಆನಿ ಕಾಟ ಬಾಳ ಐತಂತ. ರಾತ್ರಿ ಕಿಟಕ್ಯಾಗ ಸೊಂಡಿಲು ಹಾಕಿ ಮಲಗಿದವ್ರ ತಲಿ ಸವರಿ ನೋಡತಾವಂತ. ಬೋಳ ತಲಿ ಸಿಕ್ರ ಗಡಿಗಿ ಅಂತ ತಿಳಿದು ಎತಗೊಂಡು ಹೊಕ್ಕಾವಂತ."

ದೊಡ್ಡಬಸಪ್ಪ ತನ್ನ ಬೋಳು ತಲೆಯನ್ನು ಮುಟ್ಟಿ ನೋಡಿಕೊಂಡ. "ನನಗೂ ಬೀಜದ ಸೀಸನ್ನು ನೋಡು. ಬಿಟ್ಟು ಬರಾಕ ಆಗಂಗಿಲ್ಲ" ಎನ್ನುತ್ತ ಒಳಗೆ ಹೋದ. ಸುಳ್ಳು ಇಷ್ಟು ಸಲೀಸೆಂದು ಅಮರಗುಂಡಪ್ಪನಿಗೆ ಗೊತ್ತೇ ಇರಲಿಲ್ಲ.

ಬಸ್ಸಿನಲ್ಲಿ ಅವನ ಪಕ್ಕಕ್ಕೆ ಬಂದು ಕೂತವಳು ಅದೇ ಓಣಿಯ ಶೇಖರಮ್ಮ. ಹಣೆ ತುಂಬ ವಿಭೂತಿ, ಬಾಯಿ ತುಂಬ ಉಪದೇಶ. ಮಸ್ಕಿಯ ಒಂದು ಮಠಕ್ಕೆ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದಳು. ಬಂಡೀಪುರದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

"ಗೆಸ್ಟ್‌ಹೌಸು ಯಾಕ ತಮ್ಮಾ? ಮೈಸೂರು ಕಡೀಗೆ ನಮ್ಮ ಮಠದ ಶಾಖಾ ಐತಿ. ಗಂಡಸರಿಗೆ ಒಂದು ಕಡೆ, ಹೆಣ್ಣುಮಕ್ಕಳಿಗೆ ಒಂದು ಕಡೆ, ಬಂದೋಬಸ್ತು ಅಂದ್ರ ಬಂದೋಬಸ್ತು. ನಡುವ ಎತ್ತರದ ಗ್ವಾಡಿ ಕಟ್ಟ್ಯಾರ."

"ಗ್ವಾಡಿ ಯಾಕ್ರೀ ಯವ್ವಾ?" ಅಮರಗುಂಡಪ್ಪನ ಧ್ವನಿ ಅಳುವಂತಿತ್ತು.

"ಮನಸ್ಸು ಚಂಚಲ ಆಗಬಾರದಲ್ಲ, ಅದಕ್ಕ."

ಮಸ್ಕಿ ಬಂದಾಗ ಅವಳು ಅವನ ರಟ್ಟೆ ಹಿಡಿದು ಇಳಿಸಿಯೇಬಿಟ್ಟಳು. ಮಠದ ಯಜಮಾನರಿಗೆ ಹೇಳಿ ಒಂದು ಚೀಟಿ ಕೊಡಿಸುತ್ತಾಳಂತೆ, ಎರಡೇ ನಿಮಿಷದ ಕೆಲಸವಂತೆ. ಯಜಮಾನರು ಪೂಜೆಗೆ ಕೂತಿದ್ದರು. ಪೂಜೆ ಮುಗಿದರೆ ಪ್ರಸಾದ. ಪ್ರಸಾದ ಬಿಟ್ಟು ಎದ್ದರೆ ಅಪಚಾರ. ಅಮರಗುಂಡಪ್ಪ ಗೋಧಿಹುಗ್ಗಿಯನ್ನು ನುಂಗುತ್ತ ಲಿಂಗಸುಗೂರಿನ ಬಸ್ಸು ಧೂಳೆಬ್ಬಿಸಿ ಹೋಗುವುದನ್ನು ಕಿಟಕಿಯಿಂದ ನೋಡಿದ.

"ಯವ್ವಾ, ನನಗ ಮಠ ಬ್ಯಾಡ್ರಿ, ಗೆಸ್ಟ್‌ಹೌಸಾ ಸಾಕ್ರಿ" ಎಂದು ಕೈಮುಗಿದ.

"ನಿನ್ನ ಇಷ್ಟ. ಹಂಗಾರ ನಾನೂ ನಿಮ್ಮ ಜೋಡಿ ಅಲ್ಲಿಗೇ ಬರ್ತೀನಿ. ವೀರಭದ್ರಿಗೆ ಜತಿ ಆಗತೈತಿ. ನಸುಕಿನಾಗ ಎದ್ದು ಜಳಕ ಮಾಡೋದು ನನಗ ರೂಢಿ."

"ನಸುಕಿನಾಗ?" ಅಮರಗುಂಡಪ್ಪ ತಡಮಾಡಲಿಲ್ಲ. "ಅದಾ ನೋಡ್ರಿ ತೊಂದ್ರಿ. ನಸುಕಿನಾಗ ಬಚ್ಚಲದಾಗ ಹುಲಿ ನೀರು ಕುಡ್ಯಾಕ ಬರತೈತಂತ. ಮಂದಿ ಹೊರಗ ಸಾಲಾಗಿ ನಿಂತಿರತಾರಂತ, ಅದು ಹೋಗೋ ಮಟ."

ಶೇಖರಮ್ಮ "ಶಿವಶಿವಾ" ಎಂದು ಕೊರಳಿನ ಲಿಂಗವನ್ನು ಹಿಡಿದುಕೊಂಡಳು. ಬರುವ ಮಾತು ಅಲ್ಲಿಗೆ ನಿಂತಿತು.

ಮುಂದಿನ ಬಸ್ಸಿನ ಸುಳಿವೇ ಇರಲಿಲ್ಲ. ರಸ್ತೆಯಲ್ಲಿ ನಿಂತು ಕೈ ಬೀಸಿದಾಗ ನಿಂತದ್ದು ಅವನ ಓಣಿಯವನೇ ಆದ ಗೌಸ್‌ಸಾಬನ ಮೆಟಡೋರ್. ಒಣಮೆಣಸಿನಕಾಯಿಯ ಚೀಲಗಳನ್ನು ತುಂಬಿಕೊಂಡು ಲಿಂಗಸುಗೂರಿಗೆ ಹೊರಟಿತ್ತು. ಮುಂದೆ ಜಾಗವಿಲ್ಲದೆ ಅಮರಗುಂಡಪ್ಪ ಚೀಲಗಳಿಗೆ ಒರಗಿ, ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಕೂತ. ಗೌಸ್‌ಸಾಬ ದೊಡ್ಡ ಮನಸ್ಸಿನವನು. ವಿಷಯ ಕೇಳಿದ್ದೇ ಹಿಂದಕ್ಕೆ ತಿರುಗಿ ಕೂಗಿದ.

"ಸಾವ್ಕಾರ್ರ, ಬಸ್ಸಿಗೆ ಯಾಕ ಹೊಕ್ಕೀರಿ? ನನ್ನ ಗಾಡಿನಾಗ ಹೋಗಾಮು. ನಮ್ಮಾಕಿ ಲಾಲ್‌ಬೀ, ಮಕ್ಕಳು, ನಮ್ಮ ಅತ್ತಿ ಶಂಶಾದ್‌ಬೀ, ಎಲ್ಲಾರೂ ಬರತಾರ. ಕೋಣಿ ಗೀಣಿ ಫಿಕರ್ ಬ್ಯಾಡ. ಗಾಡಿ ಬಾಜೂಕ ತಾಡಪಾಲ ಹಾಸಿ ಎಲ್ಲಾರೂ ಒಂದಾ ಕಡೆ ಮಲಗಾಮು!"

"ಕರಡಿ..." ಎಂದ ಅಮರಗುಂಡಪ್ಪ. ಸೀನು ಬಂತು. "ಕರಡಿ ಐತ್ರೀ ಗೌಸ್‌ಸಾಬ್! ಚಿಲಕ ತಗಿಯಾಕ ಕಲ್ತೈತಂತ. ಮಲಗಿದವ್ರ ಹೊದಿಕಿ ಜಗ್ಗಿ ಕಚಗುಳಿ ಇಡತೈತಂತ. ನಕ್ಕು ನಕ್ಕಾ ಒಬ್ಬಾತ ಸತ್ತನಂತ!"

ಗೌಸ್‌ಸಾಬ "ತೋಬಾ ತೋಬಾ" ಎಂದು ಗಾಡಿಯ ವೇಗ ಹೆಚ್ಚಿಸಿದ.

ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ರಾಮಣ್ಣ ಆಗಲೇ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ. ಕೆಂಪು ಕಣ್ಣು, ಸೋರುವ ಮೂಗು, ನೆನೆದ ಟವೆಲ್ಲಿನೊಡನೆ ಓಡಿಬಂದ ಅಮರಗುಂಡಪ್ಪನನ್ನು ನೋಡಿ ಅವನು ಗಾಬರಿಯಾದ.

"ಯಾರು ತೀರಿಕೊಂಡ್ರು ಸಾವ್ಕಾರ್ರ?"

"ಯಾರೂ ಇಲ್ರಿ. ಮೆಣಸಿನಕಾಯಿ. ಕೋಣಿ ಬರಕೊಳ್ರಿ, ಎರಡಾ ಮಂದಿ!"

ಸಹಿ ಆಯಿತು. ರಾಮಣ್ಣ ಹೇಳಿದ, "ಇದು ಒಂದಾ ಕೋಣಿ ಉಳಿದದ್ರಿ. ಎರಡು ರಾತ್ರಿ. ಇನ್ನ ಹಿಂದ ಮುಂದ ಮಾಡಾಕ ಬರಂಗಿಲ್ಲ."

"ಪ್ರಾಣಿ ಕಾಟ?"

"ಎಲ್ಲೀದ್ರೀ! ನಾಕು ಸಲ ಹೋಗೀನಿ, ಹುಲಿ ಬಾಲ ಸೈತ ಕಂಡಿಲ್ಲ. ಸುತ್ತಲೂ ಗ್ವಾಡಿ, ಕಾವಲುಗಾರ. ನಿಮ್ಮ ಮನಿಗಿಂತ ಆರಾಮ."

ತನ್ನ ಮನೆಗಿಂತ ಆರಾಮ ಎಂಬುದನ್ನು ಅಮರಗುಂಡಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಿರುಗಿ ಬರುವ ಬಸ್ಸು ತಡವಾಗಿಯೇ ಸಿಕ್ಕಿತು, ದಾರಿಯಲ್ಲಿ ಒಮ್ಮೆ ಪಂಕ್ಚರೂ ಆಯಿತು. ಅವನಿಗೆ ಯಾವುದರ ಪರಿವೆಯೂ ಇರಲಿಲ್ಲ. ಕಿಟಕಿಗೆ ತಲೆಯಾನಿಸಿ ಎರಡು ಮಂಚಗಳನ್ನು ಮನಸ್ಸಿನಲ್ಲೇ ಜೋಡಿಸಿದ, ಬೇರೆ ಮಾಡಿದ, ಮತ್ತೆ ಜೋಡಿಸಿದ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಂಗಳದ ತುಂಬ ಮಂದಿ. ದೊಡ್ಡಬಸಪ್ಪ ಕಟ್ಟೆಯ ಮೇಲೆ ಕೂತಿದ್ದ. ಮಧ್ಯಾಹ್ನದ ಬಸ್ಸಿಗೇ ತಿರುಗಿ ಬಂದ ಶೇಖರಮ್ಮ ಇದ್ದಳು. ಮಾಲು ಇಳಿಸಿ ಖಾಲಿ ಗಾಡಿಯಲ್ಲಿ ಅವನಿಗಿಂತ ಮೊದಲೇ ಬಂದ ಗೌಸ್‌ಸಾಬನೂ ಇದ್ದ. ನಡುವೆ ಶೇಖರಮ್ಮ ಮಠದಿಂದ ತಂದುಕೊಟ್ಟ ಹುಗ್ಗಿಯ ಡಬ್ಬಿ ಹಿಡಿದು ಕಣ್ಣು ತುಂಬಿಕೊಂಡ ವೀರಭದ್ರಮ್ಮ. ತುಂಬಿಟ್ಟಿದ್ದ ಬಟ್ಟೆಯ ಚೀಲ ಬರಿದಾಗಿ ಗೂಟಕ್ಕೆ ಜೋತುಬಿದ್ದಿತ್ತು.

"ನಾ ಬರಂಗಿಲ್ರಿ" ಎಂದಳು ಅವಳು. "ಕಿಟಕ್ಯಾಗ ಆನಿ, ಬಚ್ಚಲದಾಗ ಹುಲಿ, ಬಾಗಿಲದಾಗ ಕರಡಿ. ನನಗ ಎರಡು ಮಕ್ಕಳು ಅದಾವ. ನೀವು ನಾವಿಬ್ಬರ ಅಂತ ಹೇಳಿದ್ರಿ. ಇಷ್ಟು ಮಂದಿ ಇರತಾರಂತ ಹೇಳಿದ್ದಿಲ್ಲ."

ಒಂದೊಂದೇ ಸುಳ್ಳು ಒಬ್ಬೊಬ್ಬರನ್ನು ಓಡಿಸಿತ್ತು. ಮೂರೂ ಒಂದೇ ಅಂಗಳದಲ್ಲಿ ಕೂಡಿ ಹೆಂಡತಿಯನ್ನು ಹೆದರಿಸಿ ಕೂರಿಸಿದ್ದವು. ಒಬ್ಬನ ಮಾತಾದರೆ ಅವಳು ನಂಬುತ್ತಿರಲಿಲ್ಲ. ಮೂವರು ದೊಡ್ಡ ಮನುಷ್ಯರು ಮೂರು ಬೇರೆ ಬೇರೆ ಪ್ರಾಣಿಗಳಿಗೆ ಸಾಕ್ಷಿ ಹೇಳಿದರೆ ನಂಬದೆ ಹೇಗಿದ್ದಾಳು?

"ಅಲ್ಲಿ ಏನೂ ಇಲ್ಲ!" ಅಮರಗುಂಡಪ್ಪ ಕಿರುಚಿದ. "ಆನಿ ಇಲ್ಲ, ಹುಲಿ ಇಲ್ಲ, ಕರಡಿ ಇಲ್ಲ. ಸುತ್ತಲೂ ಗ್ವಾಡಿ ಐತಿ. ಅವೆಲ್ಲಾ ನಾ ಹೇಳಿದ ಸುಳ್ಳು!"

ದೊಡ್ಡಬಸಪ್ಪ ಎದ್ದು ನಿಂತ.

"ಸುಳ್ಳಾ? ನೀನು ಸುಳ್ಳು ಹೇಳಾವ ಅಲ್ಲ. ಹೇಳಿದ್ರೂ ಯಾಕ ಹೇಳಬೇಕು? ನಿನಗೇನು ಲಾಭ? ಹೇಳು, ಯಾಕ ಹೇಳಿದಿ?"

ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅಮರಗುಂಡಪ್ಪ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಶೇಖರಮ್ಮನ ಹಣೆಯ ವಿಭೂತಿ ನೋಡಿದ. ಒಂದೇ ಒಂದು ಮಾತು ಆಡಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆ ಮಾತನ್ನು ತಾಯಿಯ ಎದುರಿಗೆ, ಓಣಿಯ ಎದುರಿಗೆ ಯಾವ ಗಂಡಸು ಆಡಿಯಾನು? ಅವನು ಟವೆಲ್ಲಿನಿಂದ ಮತ್ತೊಮ್ಮೆ ಮೂಗು ಒರೆಸಿಕೊಂಡ.

ಆಗ ಬಾಗಿಲಲ್ಲಿ ನಿಂತಿದ್ದ ಗುರುಲಿಂಗಮ್ಮ ಕೈಯ ಹಿಟ್ಟು ಕೊಡವಿಕೊಳ್ಳುತ್ತ ಮುಂದೆ ಬಂದಳು.

"ಸಾಕು ಬಿಡ್ರಿ, ಕೂಸಿನ ಮ್ಯಾಲ ಎಲ್ಲಾರೂ ಬೀಳಬ್ಯಾಡ್ರಿ. ಕೋಣಿ ಬರಿಸಿ ಬಂದಾನ, ಅದನ್ಯಾಕ ಹಾಳು ಮಾಡೋದು? ವೀರಭದ್ರಿ ಅಂಜಿದ್ರ ಮನ್ಯಾಗ ಇರಲಿ. ನಾ ಹೊಕ್ಕೀನಿ ಮಗನ ಜೋಡಿ."

"ಅವ್ವಾ!" ಅಮರಗುಂಡಪ್ಪ ಬೆಚ್ಚಿಬಿದ್ದ. "ಬ್ಯಾಡಬೇ, ಅಲ್ಲಿ ಹುಲಿ..."

"ಈಗಷ್ಟ ಹುಲಿ ಇಲ್ಲ ಅಂದಿ. ಗ್ವಾಡಿ ಐತಿ ಅಂದಿ."

"ಅದು..."

"ಇದ್ರೂ ಇರಲಿ. ನನ್ನಾಗ ಏನೈತಿ ತಿನ್ನಾಕ, ಬರೇ ಎಲುಬು. ಹುಟ್ಟಿದಾಗಿಂದ ಮಂದಿ ಮನಿ ಮಂದಿಗೆ ರೊಟ್ಟಿ ಬಡದೀನಿ. ಎರಡು ದಿನ ಕೂತು ಉಂಡು ಬರ್ತೀನಿ."

ಓಣಿಗೆ ಓಣಿಯೇ ತಲೆದೂಗಿತು. "ಇಂಥಾ ಮಗ ಯಾರಿಗಿ ಸಿಗತಾನ?" ಎಂದು ಶೇಖರಮ್ಮ ಕಣ್ಣೊರೆಸಿಕೊಂಡಳು. ದೊಡ್ಡಬಸಪ್ಪ ತನ್ನ ಮೂರು ಸೆಲ್ಲಿನ ಬ್ಯಾಟರಿ ತಂದುಕೊಟ್ಟ. ಗೌಸ್‌ಸಾಬ ತನ್ನ ಗಾಡಿಯಲ್ಲಿ ಲಿಂಗಸುಗೂರಿನವರೆಗೆ ಬಿಟ್ಟುಬರುವುದಾಗಿ ಹೇಳಿದ. ಇಷ್ಟೆಲ್ಲ ಹೊಗಳಿಕೆಯ ನಡುವೆ ಅಮರಗುಂಡಪ್ಪ ಮುಹೂರ್ತ ತಪ್ಪಿಸಿಕೊಂಡ ವರನಂತೆ ನಿಂತಿದ್ದ.

ಮಂದಿ ಚದುರಿದ ಮೇಲೆ ಅವನು ಅಡುಗೆಮನೆಗೆ ಹೋಗಿ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದ. ಗುಂಡ್ಲುಪೇಟೆಯ ಪಡಸಾಲೆ, ಮಠದ ಗೋಡೆ, ತಾಡಪಾಲು, ಯಾವುದನ್ನೂ ಮುಚ್ಚಿಡಲಿಲ್ಲ. ವೀರಭದ್ರಮ್ಮ ಮೊದಲು ಕಣ್ಣರಳಿಸಿದಳು, ಆಮೇಲೆ ಬಾಯಿಗೆ ಸೆರಗು ಒತ್ತಿ ಒಲೆಯ ಮುಂದೆ ಕುಸಿದು ಕೂತು ನಕ್ಕಳು.

"ಇದನ್ನ ಮುಂಜಾನೇನಾ ನನಗೊಬ್ಬಾಕಿಗೆ ಹೇಳಿ ಹೋಗಬಾರದಾಗಿತ್ತೇನ್ರಿ?"

"ಈಗ ಹೇಳೀನಲ್ಲ. ಹ್ಯಾಂಗರ ಮಾಡಿ ಅವ್ವನ ಬಿಡಿಸ್ತೀನಿ, ನೀನಾ ಬಾ."

ಹೊರಗೆ ಗುರುಲಿಂಗಮ್ಮನ ಧ್ವನಿ ಕೇಳಿಸಿತು. ದವಾಖಾನೆಗೆಂದು ಆಗತಾನೇ ಬಂದಿಳಿದ ವಳಕಮದಿನ್ನಿಯವರಿಗೆ ಹೇಳುತ್ತಿದ್ದಳು: "ಬರೋ ವಾರ ನಾ ಮನ್ಯಾಗ ಇರಂಗಿಲ್ಲ. ಊರಾಗ ಎಲ್ಲಾರಿಗೂ ಹೇಳ್ರಿ, ಒಬ್ರೂ ಬರಬ್ಯಾಡ್ರಿ. ನನ್ನ ಮಗ ನನಗ ಕಾಡು ತೋರಸಾಕತ್ಯಾನ!" ಆ ಧ್ವನಿಯಲ್ಲಿದ್ದ ಹಿಗ್ಗು ಕೇಳಿ ಅಮರಗುಂಡಪ್ಪ ತಲೆ ತಗ್ಗಿಸಿದ. ಅದನ್ನು ಬಿಡಿಸುವುದು ಅವನಿಂದಾಗುವ ಕೆಲಸವಲ್ಲ.

ವೀರಭದ್ರಮ್ಮ ನಗು ನಿಲ್ಲಿಸಿ ಏನನ್ನೋ ಲೆಕ್ಕ ಹಾಕುವವಳಂತೆ ಬೆರಳು ಮಡಚಿದಳು.

"ಅತ್ತಿ ಇರಂಗಿಲ್ಲ. ಮಕ್ಕಳು ಸಂತೆಕಲ್ಲೂರಾಗ. ಊರಿನವ್ರೂ ಒಬ್ರೂ ಬರಂಗಿಲ್ಲ. ರೀ, ಲಗ್ನ ಆದಾಗಿಂದ ಈ ಮನಿ ಎರಡು ರಾತ್ರಿ ಹಿಂಗ ಖಾಲಿ ಆಗೋದು ಇದಾ ಮೊದಲು ನೋಡ್ರಿ" ಎಂದಳು. "ನೀವೊಬ್ಬರು ಇರಂಗಿಲ್ಲ, ಅಷ್ಟ."